ಕೊಪ್ಪರದ ಹೆಬ್ಬಾತುಗಳು

ರಾಯಚೂರು
10 ಡಿಸೆಂಬರ್ 1944

ಮಾನವಿಯಲ್ಲಿ ಗಡ್ಡ ಬಿಟ್ಟುಕೊಂಡು ಒಬ್ಬರೇ ಕುಳಿತಿರುವ ಯಜಮಾನರಿಗೆ ಅಹಲ್ಯೆಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ದನದ ಡಾಕ್ಟರು ಬುರ್ಹಾನುದ್ದೀನ್ ಸಾಹೇಬರು ತಪಾಸಣೆಗೆಂದು ದೇವದುರ್ಗದ ಕಡೆ ಹೊರಟಿದ್ದಾರೆ, ದಾರಿಯಲ್ಲಿ ಹಕ್ಕಿಗಳನ್ನೂ ನೋಡುತ್ತಾರೆ, ಚಿತ್ರ ಬರೆದುಕೊಡಲು ನಿಮ್ಮನ್ನು ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ಇಷ್ಟನ್ನು ಹೇಳಲು ನಾಲ್ಕು ಪುಟ ಬೇಕಾಯಿತೇ? ಹೋಗಬೇಕೆಂಬ ಆಸೆ ಒಂದೊಂದು ಸಾಲಿನಲ್ಲೂ ಇಣುಕುತ್ತಿದೆ. ಶಾಲೆಯ ಹುಡುಗರಿಂದ ಹೂಜಿ, ಬಾಳೆಹಣ್ಣು ಬರೆಸಿ ಬರೆಸಿ ನಿಮಗೂ ಬೇಸರವಾಗಿರಬೇಕು. ಹೋಗಿ ಬನ್ನಿ.

ಅವ್ವನ ಕಾನೂನು ನಿಮಗೆ ಬಾಯಿಪಾಠವೇ ಇದೆ. ಬಸುರಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು, ಜೀವ ತೆಗೆಯಬಾರದು, ಹೊಳೆ ದಾಟಬಾರದು. ಮೊದಲನೆಯ ಸಲ ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದು ಗಡ್ಡ ಬೋಳಿಸಿದಿರಿ, ಎರಡನೆಯ ಸಲ ತಮ್ಮನ ಮುಂಜಿಗೆಂದು ಕೃಷ್ಣೆಯಾಚೆ ಹೋದಿರಿ, ಅದಕ್ಕೇ ಎರಡೂ ಬಸಿರು ನಿಲ್ಲಲಿಲ್ಲ ಎಂದು ಅವ್ವ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ನಿಮ್ಮ ಕಾಗದ ಓದಿ ಹೇಳಿದೆ. "ಹಕ್ಕಿ ನೋಡ್ಲಿ, ಹದ್ದು ನೋಡ್ಲಿ, ನಂದೇನು ಅಡ್ಡಿ ಇಲ್ಲ. ಹೊಳಿ ಮಾತ್ರ ದಾಟಬಾರದು ಅಂತ ದೊಡ್ಡ ಅಕ್ಷರದಾಗ ಬರಿ" ಎಂದಳು. ಬರೆದಿದ್ದೇನೆ. ನೀವೂ ನಾನೂ ಇದನ್ನೆಲ್ಲ ನಂಬುವವರಲ್ಲ. ಆದರೂ ಮುದುಕಿಯ ಸಮಾಧಾನಕ್ಕೆ ಈ ಸಲ ಗಡ್ಡ ಇರಲಿ.

ನನ್ನದೊಂದು ಕೋರಿಕೆ. ಕೊಪ್ಪರಕ್ಕೆ ಹೋದರೆ ಹೊಳೆಯ ಹೆಬ್ಬಾತುಗಳನ್ನು ನೋಡಿ. ಚಳಿಗಾಲದಲ್ಲಿ ಬರುತ್ತವೆ. ಅಜ್ಜ ಅಲ್ಲಿ ನರಸಿಂಹದೇವರ ಪೂಜೆಗಿದ್ದಾಗ ನಾನು ಸಣ್ಣವಳಿದ್ದೆ. ಆಗ ನೋಡಿದ್ದು, ಮತ್ತೆ ನೋಡಿಲ್ಲ. ಹೇಗಿವೆ, ಏನು ಮಾಡುತ್ತವೆ, ಎಲ್ಲ ಬರೆಯಿರಿ. ಚಿತ್ರವನ್ನೂ ಕಳಿಸಿ.

ನಾನು ಆರಾಮಾಗಿದ್ದೇನೆ. ಹೆರಿಗೆಗೆಂದು ತವರಿಗೆ ಬಂದವಳಿಗೆ ಉಣ್ಣುವುದು, ಮಲಗುವುದು, ಇಷ್ಟೇ ಕೆಲಸ. ಮಂಚದಿಂದ ಕಿಟಕಿಯಾಚೆಯ ಬೇವಿನ ಮರ ಕಾಣುತ್ತದೆ. ಅದರಲ್ಲಿ ಎರಡು ಕಾಗೆಗಳಿವೆ. ನನ್ನ ಪಾಲಿಗೆ ಸದ್ಯಕ್ಕೆ ಅವೇ ಹಕ್ಕಿಗಳು.

ನಿಮ್ಮ
ಅಹಲ್ಯಾ


ಕವಿತಾಳ
26 ಡಿಸೆಂಬರ್ 1944

ಸೌಭಾಗ್ಯವತಿ ಅಹಲ್ಯಾಬಾಯಿಗೆ ಕವಿತಾಳದ ಮೌಲ್ವಿ ಸಾಹೇಬರ ಆಶೀರ್ವಾದಗಳು.

ಗಾಬರಿಯಾಗಬೇಡ, ನಾನೇ. ಯುದ್ಧ ಮುಗಿಯುವವರೆಗೆ ಪೆಟ್ರೋಲು ಸಿಗುವುದಿಲ್ಲವೆಂದು ಡಾಕ್ಟರು ತಮ್ಮ ಮೋಟಾರಿನ ಹಿಂದೆ ಇದ್ದಲಿಯ ಒಲೆ ಕಟ್ಟಿಸಿದ್ದಾರೆ. ಅದರ ಗ್ಯಾಸಿನಿಂದ ಗಾಡಿ ಓಡುತ್ತದೆ. ಓಡುತ್ತದೆ ಅನ್ನುವುದಕ್ಕಿಂತ ಕೆಮ್ಮುತ್ತ ನಡೆಯುತ್ತದೆ ಅನ್ನಬೇಕು. ಪ್ರತಿ ಊರು ಬಿಡುವ ಮೊದಲು ಯಾರಾದರೂ ಒಲೆಗೆ ಗಾಳಿ ಹಾಕಬೇಕು, ಆ ಯಾರಾದರೂ ನಾನೇ. ಮುಖಕ್ಕೆಲ್ಲ ಮಸಿ, ಬೆವರಿಗೆ ಹಣೆಯ ಅಂಗಾರದ ಗೆರೆ ಅಳಿಸಿ ಹೋಗಿದೆ, ತಲೆಗೆ ರುಮಾಲು, ಗದ್ದದ ಕೆಳಗೆ ಈ ಗಡ್ಡ. ಪಕ್ಕದಲ್ಲಿ ಬುರ್ಹಾನುದ್ದೀನರು ನುಣ್ಣಗೆ ಮುಖ ಬೋಳಿಸಿಕೊಂಡು ಕೋಟು ತೊಟ್ಟು ಅಚ್ಚ ಕನ್ನಡ ಮಾತಾಡುತ್ತಿದ್ದಾರೆ. ಕವಿತಾಳದ ಅಂಗಡಿಕಾರ ವಿರೂಪಣ್ಣ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಅವರಿಗೆ "ಬರ್ರಿ ರಾಯರ, ಮ್ಯಾಲ ಕುಂದರ್ರಿ" ಎಂದು ಗಾದಿ ತೋರಿಸಿದ. ನನಗೆ ಸಲಾಮು ಮಾಡಿ, "ಮೌಲ್ವಿ ಸಾಹೇಬ್ರು ಚಾ ಕುಡೀತೀರೇನ್ರೀ?" ಎಂದು ಬೇರೆ ಮತದವರಿಗಾಗಿ ಎತ್ತಿಟ್ಟ ಕಪ್ಪಿನಲ್ಲಿ ಕೊಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕಾಲು ತುಳಿದು, "ಸುಮ್ನ ಕುಡೀರಿ ಮೌಲ್ವಿ ಸಾಬ್, ಈಗ ಹೇಳಿದ್ರ ಅವಗ ನಾಚಿಕಿ ಆಗ್ತದ" ಎಂದು ಪಿಸುಗುಟ್ಟಿದರು. ಕುಡಿದೆ. ಚಹಾ ಚೆನ್ನಾಗಿತ್ತು. ಅತ್ತೆಯವರಿಗೆ ಈ ಭಾಗ ಓದಿ ಹೇಳಬೇಡ.

ಇಂದು ಬೆಳಿಗ್ಗೆ ಎರೆಭೂತ ಕಂಡಿತು. ಕರಿಮಣ್ಣಿನ ಹುಲ್ಲುಬಯಲಿನಲ್ಲಿ ಇರುವ ದೊಡ್ಡ ಹಕ್ಕಿ. ನಿಂತರೆ ನಿನ್ನ ಸೊಂಟಕ್ಕಿಂತ ಎತ್ತರ, ನಡೆದರೆ ನಮ್ಮ ಹೆಡ್‌ಮಾಸ್ತರರೇ. ಮೋಟಾರಿನ ಸದ್ದು ಕೇಳಿದರೆ ಅದು ಹಾರಿಬಿಡುತ್ತದೆ, ಆದರೆ ಎತ್ತಿನ ಗಾಡಿಗೆ ಹೆದರುವುದಿಲ್ಲ. ಅದಕ್ಕೆ ಗಡಿಗೆಪ್ಪನೆಂಬ ರೈತನ ಗಾಡಿಯಲ್ಲಿ ಜೋಳದ ಕಣಿಕೆಯ ನಡುವೆ ಕುಳಿತು ಹತ್ತಿರ ಹೋದೆವು. ಗಡಿಗೆಪ್ಪ, "ಇದನ್ನ ನೋಡಾಕ ಮಾನ್ವಿಂದ ಬಂದೀರೇನ್ರೀ? ನಾವು ದಿನಾ ನೋಡತೀವಿ, ಅದೂ ನಮ್ಮನ್ನ ನೋಡತದ" ಎಂದು ನಕ್ಕ. ಗಾಡಿ ಕುಲುಕಿ ಮೊದಲಿನ ಚಿತ್ರ ಕೆಟ್ಟಿತು, ಎರಡನೆಯದು ಬಂತು.

ಒಂದು ತಮಾಷೆ ಹೇಳುತ್ತೇನೆ. ದಾರಿಯಲ್ಲಿ ಒಂದು ಹಳ್ಳ ಬಂತು, ಮೊಣಕಾಲುದ್ದ ನೀರು. ನಾನು ಡಾಕ್ಟರರನ್ನು ನಿಲ್ಲಿಸಿ, ಹಳ್ಳ ಹೊಳೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಅವರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕರು. ಕೊನೆಗೆ, ಬೇಸಿಗೆಯಲ್ಲಿ ಒಣಗುವುದು ಹೊಳೆಯಲ್ಲ ಎಂದು ಇಬ್ಬರೂ ಕೂಡಿ ತೀರ್ಪು ಕೊಟ್ಟು ದಾಟಿದೆವು.

ಮುಂದೆ ಜಾಲಹಳ್ಳಿ, ದೇವದುರ್ಗ, ಕೊಪ್ಪರ. ಕೊನೆಗೆ ಗಬ್ಬೂರಿನ ಮೇಲೆ ರಾಯಚೂರಿಗೆ ಬಂದು ನಿನ್ನನ್ನು ನೋಡಿಕೊಂಡೇ ಮಾನವಿಗೆ ಹೋಗುತ್ತೇನೆ.

ನಿನ್ನ
ವಾದಿರಾಜ


ರಾಯಚೂರು
29 ಡಿಸೆಂಬರ್ 1944
(ದೇವದುರ್ಗದ ಟಪಾಲು ಕಚೇರಿಯಲ್ಲಿ ಕೊಡತಕ್ಕದ್ದು)

ಮೌಲ್ವಿ ಸಾಹೇಬರಿಗೆ ಅಹಲ್ಯೆಯ ಸಲಾಮು.

ಚಹಾದ ಭಾಗವನ್ನೇ ಮೊದಲು ಓದಿ ಹೇಳಿದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನೆನಪಾಗಿ ಸಿಟ್ಟಾದಳು. ಎರೆಭೂತದ ಚಿತ್ರ ನನಗೆ ಬೇಕು.

ಆದರೆ ಮೊಣಕಾಲುದ್ದ ಹಳ್ಳಕ್ಕೆ ಮೋಟಾರು ನಿಲ್ಲಿಸಿದಿರಂತೆ! ಅಪ್ಪ ಅದನ್ನು ಕಚೇರಿಯಲ್ಲಿ ಬೇರೆ ವಕೀಲರಿಗೆಲ್ಲ ಹೇಳಿ ಬಂದಿದ್ದಾರೆ. ಇಷ್ಟು ಪುಕ್ಕಲರು ಎಂದು ಗೊತ್ತಿದ್ದರೆ ಮದುವೆಗೆ ಮೊದಲೇ ವಿಚಾರ ಮಾಡುತ್ತಿದ್ದೆ. ಹಳ್ಳಕ್ಕೆ ಹೆದರುವ ಗಂಡನಿಗೆ ಹೆಬ್ಬಾತುಗಳು ಹೆದರುತ್ತವೆಯೇ, ನೋಡಿ ಬರೆಯಿರಿ. ಅವುಗಳಿಗಾಗಿಯೇ ಕಾಯುತ್ತಿದ್ದೇನೆ. ದಿನ ಉದ್ದವಾಗಿದೆ, ಕಾಗೆಗಳು ಸಾಕಾಗಿವೆ.

ಅಹಲ್ಯಾ


ದೇವದುರ್ಗ
1 ಜನವರಿ 1945

ಅಹಲ್ಯೆಗೆ, ಹಳ್ಳಕ್ಕೆ ಹೆದರುವ ಗಂಡ ಬರೆಯುವುದು.

ಕೊಪ್ಪರಕ್ಕೆ ಹೋಗಿ ಬಂದೆವು. ನಿನ್ನ ಅಜ್ಜನ ಮನೆಯಲ್ಲಿ ಈಗ ಹನುಮಂತ್ರಾಯರು ಎಂಬ ಪೂಜಾರಿಗಳಿದ್ದಾರೆ. ನಿನ್ನ ಹೆಸರು ಹೇಳಿದ ಕೂಡಲೇ ಕೈಹಿಡಿದು ಊಟಕ್ಕೆ ಕೂರಿಸಿದರು. ದೇವರಿಗೆ ನಿನ್ನ ಹೆಸರಲ್ಲಿ ತುಪ್ಪದ ದೀಪ ಹಚ್ಚಿಸಿದ್ದೇನೆ.

ಈಗ ನಿನ್ನ ಬಾತುಗಳು. ಈ ಸಲ ಅವು ನಮ್ಮ ದಂಡೆಯ ಕಡಲೆಹೊಲಗಳಿಗೆ ಇಳಿಯುತ್ತಿಲ್ಲ, ರೈತರು ಡಬ್ಬಿ ಬಾರಿಸಿ ಓಡಿಸುತ್ತಾರೆ. ನಡುಗಡ್ಡೆಯ ಮರಳಿನ ಮೇಲೆ ಇರುತ್ತವೆ. ದಂಡೆಯಿಂದ ನೋಡಿದರೆ ಸುಣ್ಣದ ಚುಕ್ಕೆಗಳ ಹಾಗೆ ಕಾಣುತ್ತವೆ, ಅಷ್ಟೇ. ಕನಕಪ್ಪನೆಂಬ ಅಂಬಿಗ ಹರಿಗೋಲು ತಂದ. ಹತ್ತಿದೆವು. ನೀರು ತಣ್ಣಗಿತ್ತು, ಮಂಜು ಇನ್ನೂ ಕರಗಿರಲಿಲ್ಲ. ಕನಕಪ್ಪ ಹುಟ್ಟು ನಿಲ್ಲಿಸಿ, "ಸದ್ದು ಮಾಡಬ್ಯಾಡ್ರೀ, ಒಂದು ಕಾವಲಿಗೆ ನಿಂತದ" ಎಂದ. ನಿಜ, ಒಂದು ಬಾತು ಕತ್ತು ನೀಳವಾಗಿ ಎತ್ತಿ ನಿಂತಿತ್ತು, ಉಳಿದವು ಕೊಕ್ಕನ್ನು ಬೆನ್ನಿನ ರೆಕ್ಕೆಯೊಳಗೆ ತೂರಿಸಿ ನಿದ್ದೆ ಮಾಡುತ್ತಿದ್ದವು. ನಡುಗಡ್ಡೆಯ ಒದ್ದೆ ಮರಳಿನ ಮೇಲೆ ಹೊಟ್ಟೆ ಊರಿ ಮಲಗಿ ನೋಡಿದೆವು. ಬೂದು ಮೈ, ಬೆಳ್ಳನೆಯ ತಲೆ, ಹಳದಿ ಕೊಕ್ಕು, ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಎಷ್ಟು ಚೆಂದವೆಂದರೆ ಹೇಳಲಾರೆ. ಬುರ್ಹಾನುದ್ದೀನರು ದುರ್ಬೀನು ಇಳಿಸದೆ, "ಮಾಸ್ತರ್, ಇವು ಹಿಮಾಲಯದ ಆಚಿ ಕಡಿಯಿಂದ ಬರ್ತಾವ. ಅಲ್ಲಿ ಗಿಡ ಇಲ್ಲ, ಮನಿ ಇಲ್ಲ, ಬರೇ ಬರ್ಫು. ಆ ಗುಡ್ಡದ ಮ್ಯಾಲಿಂದ ಹಾರಿ ನಮ್ಮ ಕಡಲಿ ತಿನ್ನಲಿಕ್ಕೆ ಬರ್ತಾವ ನೋಡ್ರಿ" ಎಂದರು.

ಅವು ಹಿಮಾಲಯವನ್ನೇ ದಾಟಿ ಬರುವಾಗ ನಾನು ಅರ್ಧ ಹೊಳೆಗೆ ಹೆದರಲೇ? ನಡುಗಡ್ಡೆ ಹೊಳೆಯ ನಡುವೆಯೇ ಇರುವುದರಿಂದ ದಾಟಿದಂತಾಗಲಿಲ್ಲ ಎಂದು ಬೇಕಾದರೆ ಮಾವನವರು ಅತ್ತೆಯವರ ಮುಂದೆ ವಾದ ಮಾಡಲಿ. ಇನ್ನು ಮೇಲಾದರೂ ಪುಕ್ಕಲ ಅನ್ನಬೇಡ.

ಬಾತಿನ ಚಿತ್ರಕ್ಕೆ ಬಣ್ಣ ಹಾಕುತ್ತಿದ್ದೇನೆ. ಗಬ್ಬೂರಿಗೆ ಹೋಗಿ ನಾಲ್ಕು ದಿನ ಇರುತ್ತೇವೆ. ಅಲ್ಲಿಂದ ನೇರ ನಿನ್ನ ಹತ್ತಿರ.

ನಿನ್ನ
ವಾದಿರಾಜ


ರಾಯಚೂರು
4 ಜನವರಿ 1945

ಯಜಮಾನರಿಗೆ ನಮಸ್ಕಾರ.

ಕಾಗದ ಮುಟ್ಟಿತು. ಬಾತುಗಳು ಕಂಡದ್ದು ಸಂತೋಷ. ಅಜ್ಜನ ಮನೆಯಲ್ಲಿ ಉಂಡದ್ದೂ ಸಂತೋಷ.

ಈಗ ರಾಯಚೂರಿಗೆ ಬರಬೇಡಿ. ಮನೆ ತುಂಬ ಜನ ಇದ್ದಾರೆ. ಗಬ್ಬೂರಿನಿಂದ ಹಾಗೇ ಮಾನವಿಗೆ ಹೋಗಿ, ಶಾಲೆ ಶುರುವಾಗುತ್ತದೆ.

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿಲ್ಲ.

ಅಹಲ್ಯಾ


ಗಬ್ಬೂರು
7 ಜನವರಿ 1945

ಅಹಲ್ಯಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ತಿರುವಿ ಹಿಂದೆ ಏನಾದರೂ ಬರೆದಿದ್ದೀಯಾ ಎಂದೂ ನೋಡಿದೆ. ಏನೂ ಇಲ್ಲ. ಬರಬೇಡಿ ಎಂದು ನೀನು ನನಗೆ ಬರೆದದ್ದು ಇದೇ ಮೊದಲು.

ಕೂತು ಯೋಚಿಸಿದೆ. ಆ ಚಹಾದ ವಿಷಯವೇ ಇರಬೇಕು. ಅತ್ತೆಯವರು ಮೊದಲು ನಕ್ಕಿದ್ದರೂ ಆಮೇಲೆ ಯಾರೋ ಬಂದು ಏನೋ ಅಂದಿರಬೇಕು. ನನಗೆ ಗೊತ್ತಾಗುತ್ತದೆ. ಇಲ್ಲಿ ದೇವಸ್ಥಾನದ ಬಾವಿಯಲ್ಲಿ ಸ್ನಾನ ಮಾಡಿ ಪಂಚಗವ್ಯ ತೆಗೆದುಕೊಂಡಿದ್ದೇನೆ, ಅವರಿಗೆ ಹೇಳು. ಬುರ್ಹಾನುದ್ದೀನರಿಗೂ ಬೇಜಾರಾಗಿದೆ. "ನಂದೇ ತಪ್ಪು ಮಾಸ್ತರ್. ನಾನೇ ಕುಡೀರಿ ಅಂದೆ. ನಾ ಹೋಗಿ ವಕೀಲ ಸಾಹೇಬ್ರ ಮುಂದ ಮಾಫಿ ಕೇಳ್ತೀನಿ" ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಮನುಷ್ಯ ನನ್ನ ಸಲುವಾಗಿ ಹಾಗೆ ಅಂದದ್ದು ಕೇಳಿ ನನಗೆ ಊಟ ಸೇರಲಿಲ್ಲ.

ಅವರು ಇಲಾಖೆಯ ಕೆಲಸಕ್ಕೆ ರಾಯಚೂರಿಗೆ ಬರುತ್ತಿದ್ದಾರೆ. ಚಿತ್ರಗಳನ್ನು ಸುತ್ತಿ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಎರೆಭೂತ ಇದೆ, ನೀನು ಕೇಳಿದ ಹೆಬ್ಬಾತೂ ಇದೆ. ನಾನು ಜೋಳದ ಗಾಡಿಯೊಂದರಲ್ಲಿ ಮಾನವಿಗೆ ಹೊರಟಿದ್ದೇನೆ. ರಾಯಚೂರಿನ ದಾರಿ ಬಿಟ್ಟು ಆ ಕಡೆ ತಿರುಗುವುದು ಸುಲಭವಾಗಲಿಲ್ಲ.

ಮೈಯಲ್ಲಿ ಹೇಗಿದೆ, ಅದೊಂದನ್ನಾದರೂ ಬರೆ.

ವಾದಿರಾಜ


ಮಾನವಿ
13 ಜನವರಿ 1945

ಅಹಲ್ಯಾ,

ಟಪಾಲಿನವನು ದಿನಾ ಶಾಲೆಯ ಮುಂದಿನಿಂದಲೇ ಹೋಗುತ್ತಾನೆ. ನಾನು ಕಿಟಕಿಯಲ್ಲಿ ನಿಂತದ್ದು ಕಂಡು ಈಗೀಗ ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ.

ಡಾಕ್ಟರು ನಿನ್ನೆ ಬಂದರು. ಚಿತ್ರಗಳನ್ನು ಮಾವನವರ ಕೈಗೆ ಕೊಟ್ಟರಂತೆ, ಮಾಫಿ ಕೇಳಿದರಂತೆ, ಮಾವನವರು ಏನೂ ಅರ್ಥವಾಗದೆ ನಕ್ಕು ತಿನ್ನಲು ಚೂಡಾ ಕೊಟ್ಟರಂತೆ. ಹಾಗಾದರೆ ಚಹಾ ಅಲ್ಲ. ಇನ್ನೇನು? ನನಗೆ ತೋಚುತ್ತಿಲ್ಲ, ಅಹಲ್ಯಾ. ಬಾತುಗಳ ಬಗ್ಗೆ ಬರೆದ ಕಾಗದದ ನಂತರ ನೀನು ಹೀಗಾದೆ. ಅದರಲ್ಲಿ ನಿನಗೆ ಸಂತೋಷವಾಗಲಿ ಎಂದಲ್ಲದೆ ಬೇರೇನೂ ಬರೆದಿರಲಿಲ್ಲ.

ಇನ್ನೊಂದು ಮಾತು. ಬಾತಿನ ಚಿತ್ರ ತಪ್ಪಾಗಿದೆಯಂತೆ. ನಿಮ್ಮ ಜಗುಲಿಯ ಮೇಲೆ ಬಿಚ್ಚಿದಾಗ ಡಾಕ್ಟರಿಗೆ ಕಂಡಿತಂತೆ, ಅಲ್ಲಿ ಹೇಳಲಿಲ್ಲ, ಇಲ್ಲಿ ಬಂದು ಹೇಳಿದರು. ಅವತ್ತು ಮಂಜು ಬಹಳ ಇತ್ತು, ಹಾಗಾಗಿ ಎಡವಿದ್ದೇನೆ. ದಯವಿಟ್ಟು ಅದನ್ನು ವಾಪಸು ಕಳಿಸು, ತಿದ್ದಿ ಕೊಡುತ್ತೇನೆ. ಅಂಥ ಚಿತ್ರ ನಿನ್ನ ಹತ್ತಿರ ಇರುವುದು ನನಗೆ ನಾಚಿಕೆ.

ಒಂದು ಸಾಲು ಬರೆ. ಬೈದಾದರೂ ಬರೆ.

ವಾದಿರಾಜ


ರಾಯಚೂರು
22 ಜನವರಿ 1945

ಮಗಳ ಅಪ್ಪನಿಗೆ, ಮಗಳ ಅವ್ವನ ನಮಸ್ಕಾರಗಳು.

ಅಪ್ಪನ ತಂತಿ ನಿಮಗೆ ಮುಟ್ಟಿರುತ್ತದೆ. ಸಂಕ್ರಾಂತಿಯ ಮರುದಿನ ಹುಟ್ಟಿದಳು. ಬಣ್ಣ ನಿಮ್ಮದು, ಮೂಗು ನಮ್ಮ ಕಡೆಯದು, ಗಂಟಲು ಮಾತ್ರ ನನ್ನ ಅವ್ವನದೇ. ಪುರುಡಿನಲ್ಲಿ ಕಾಗದ, ಲೇಖಣಿ ಮುಟ್ಟಬಾರದಂತೆ. ಅವ್ವ ಮಡಿಯುಟ್ಟು ಅಡುಗೆಮನೆಯಲ್ಲಿರುವಾಗ ಬರೆಯುತ್ತಿದ್ದೇನೆ, ಅಕ್ಷರ ಓಡಿದರೆ ಅದೇ ಕಾರಣ.

ಈಗ ಎಲ್ಲ ಹೇಳುತ್ತೇನೆ. ನಾನು ಆರಾಮಾಗಿದ್ದೇನೆ ಎಂದು ಬರೆದದ್ದು ಸುಳ್ಳು. ಇಲ್ಲಿಗೆ ಬಂದ ವಾರದಲ್ಲೇ ಸ್ವಲ್ಪ ರಕ್ತ ಕಂಡಿತ್ತು. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ನಿಮಗೆ ತಿಳಿಸಿದ್ದರೆ ಮಾನವಿಯಲ್ಲಿ ಕೂತು ಒಣಗುತ್ತಿದ್ದಿರಿ. ಅದಕ್ಕೇ ಹೋಗಿ ಎಂದು ಅಟ್ಟಿದೆ. ಅವ್ವನ ಕಾನೂನನ್ನು ನಂಬುವುದಿಲ್ಲ ಎಂದು ಬರೆದದ್ದೂ ಸುಳ್ಳು. ಎರಡು ಸಲ ಕಳೆದುಕೊಂಡ ಮೇಲೆ ನಂಬದೆ ಇರುವುದಕ್ಕೆ ಧೈರ್ಯ ಬೇಕು, ನನ್ನಲ್ಲಿ ಅದು ಉಳಿದಿರಲಿಲ್ಲ. ನೀವು ಹಳ್ಳದ ಮುಂದೆ ಮೋಟಾರು ನಿಲ್ಲಿಸಿದ್ದನ್ನು ಓದಿ ಎಲ್ಲರೆದುರು ನಕ್ಕೆ. ಆಮೇಲೆ ಮುಖದ ಮೇಲೆ ಸೆರಗು ಹಾಕಿಕೊಂಡು ಅತ್ತೆ. ಪುಕ್ಕಲ ಅಂದೆನಲ್ಲ, ಆ ಪುಕ್ಕಲುತನ ಕೊಟ್ಟಷ್ಟು ಸಮಾಧಾನ ನನಗೆ ಬೇರೆ ಯಾವುದೂ ಕೊಟ್ಟಿರಲಿಲ್ಲ.

ನಿಮ್ಮ ಬಾತಿನ ಕಾಗದ ಬಂದ ದಿನವೇ ಮತ್ತೆ ರಕ್ತ ಕಂಡಿತು. ಹರಿಗೋಲು ಹತ್ತಿದೆವು ಎಂಬ ಸಾಲಿನ ಮುಂದೆ ಓದಲು ಮೊದಲು ಕಣ್ಣೇ ಹೋಗಲಿಲ್ಲ. ಆಮೇಲೆ ಓದಿದರೆ ಹಿಮಾಲಯ, ಅರ್ಧ ಹೊಳೆ, ವಕೀಲರ ವಾದ! ಕಾಗದವನ್ನು ದಿಂಬಿನ ಕೆಳಗಿಟ್ಟೆ. ಅವ್ವನಿಗೆ ಹೇಳಿದ್ದರೆ ನಿಮ್ಮ ಮುಖವನ್ನೇ ನೋಡುತ್ತಿರಲಿಲ್ಲ. ನನಗೂ ನೋಡುವುದು ಬೇಡವಾಗಿತ್ತು. ಮಗು ಹೋದರೆ ಇವರನ್ನು ಕ್ಷಮಿಸಲಾರೆ ಎಂದುಕೊಂಡೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಐದು ದಿನ ಹಾಗೆ ಮಲಗಿದ್ದೆ. ಆಮೇಲೆ ಬುರ್ಹಾನುದ್ದೀನ್ ಡಾಕ್ಟರು ಬಂದು ಹೋದರು. ಅಪ್ಪ ಚಿತ್ರಗಳನ್ನು ತಂದು ಮಂಚದ ಮೇಲೆ ಬಿಚ್ಚಿದರು. ಬಾತಿನ ಚಿತ್ರ ನೋಡುವುದು ಬೇಡ ಎಂದು ಗೋಡೆಯ ಕಡೆ ತಿರುಗಿದೆ. "ಅಲ್ಲವಾ, ಅವರು ಇಷ್ಟು ಕಷ್ಟಪಟ್ಟು ಬರದಾರ, ಒಂದ್ಸಲ ನೋಡು" ಎಂದು ಅಪ್ಪ ಮುಖದ ಮುಂದೆ ಹಿಡಿದರು.

ನೋಡಿದೆ. ಅಂಗಾರ!

ಯಜಮಾನರೇ, ನೀವು ದಿನಾ ಪೂಜೆ ಮುಗಿಸಿ ಹಣೆಯ ಮೇಲೆ ನೆಟ್ಟಗೆ ಎಳೆದುಕೊಳ್ಳುತ್ತೀರಲ್ಲ, ಅದೇ ಕಪ್ಪು ಗೆರೆ, ಕೊಕ್ಕಿನ ಬುಡದಿಂದ ಹಿಂದಲೆಯವರೆಗೆ, ಒಂದಲ್ಲ ಎರಡು. ಆ ಬಾತಿಗೆ ಒಂದು ಶಲ್ಯ ಹೊದಿಸಿದ್ದರೆ ನಮ್ಮ ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂರಬಹುದಿತ್ತು. ನಾನು ಸಣ್ಣವಳಿದ್ದೆ ಎಂದೆನೇ ಹೊರತು ಕುರುಡಿಯಾಗಿದ್ದೆ ಎನ್ನಲಿಲ್ಲ. ಚಳಿಗಾಲ ಬಂದರೆ ಅಜ್ಜನ ಕಡಲೆಹೊಲದ ಕಾವಲು ನನ್ನದೇ. ಬಾತುಗಳು ಇಳಿದರೆ ಅವುಗಳ ಹಿಂದೆ ಓಡುತ್ತಿದ್ದೆ. ಓಡುವವಳಿಗೆ ಕಾಣುವುದು ಹಿಂದಲೆಯೇ. ಆ ಪಟ್ಟೆಗಳು ಅಡ್ಡಡ್ಡ ಇರುತ್ತವೆ, ಒಂದು ಈ ಕಣ್ಣಿಂದ ಆ ಕಣ್ಣಿಗೆ, ಇನ್ನೊಂದು ಅದರ ಕೆಳಗೆ, ವಿಭೂತಿ ಬಳಿದ ಹಾಗೆ. ಅಜ್ಜ ಅವನ್ನು "ನಮ್ಮ ಹೊಲಕ್ಕ ಬರೋ ಜಂಗಮರು" ಎಂದು ಕರೆಯುತ್ತಿದ್ದರು.

ಹತ್ತಿರದಿಂದ ಒಮ್ಮೆ ನೋಡಿದವರು ಯಾರೂ ಅದನ್ನು ನೆಟ್ಟಗೆ ಬರೆಯುವುದಿಲ್ಲ. ಎರೆಭೂತದ ಒಂದೊಂದು ಗರಿಯನ್ನೂ ಸರಿಯಾಗಿ ಬರೆದ ನಿಮ್ಮ ಕಣ್ಣು ಮಂಜಿಗೆ ಮೋಸಹೋಗುವಂಥದ್ದಲ್ಲ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಎಂದು ಡಾಕ್ಟರು ಹೇಳಿರಬೇಕು, ನೀವು ನಿಮಗೆ ಗೊತ್ತಿದ್ದ ಪಟ್ಟೆ ಎಳೆದಿರಿ. ನೀವು ಆ ಬಾತುಗಳನ್ನು ನೋಡೇ ಇಲ್ಲ. ಹರಿಗೋಲು ಹತ್ತೇ ಇಲ್ಲ. ಪುಕ್ಕಲ ಅಂದದ್ದಕ್ಕೆ ದಾಟಿದೆನೆಂದು ಸುಳ್ಳು ಬರೆದಿರಿ.

ಮಂಚ ಅಲ್ಲಾಡುವಷ್ಟು ನಕ್ಕೆ. "ಅಯ್ಯ, ಹಿಂಗ ನಗಬ್ಯಾಡ ನನ ತಾಯಿ, ಈಗ ನಗೂ ಹೊತ್ತೇನ?" ಎಂದು ಅವ್ವ ಓಡಿಬಂದಳು. ಅವತ್ತೇ ನಿಮಗೆ ಬರೆಯಬೇಕಿತ್ತು, ಎದ್ದು ಕೂರಲು ಯಾರೂ ಬಿಡಲಿಲ್ಲ. ಆದರೆ ಅವತ್ತಿನಿಂದ ನನಗೆ ಹೆದರಿಕೆಯಾಗಲಿಲ್ಲ. ನೋವು ಬಂದಾಗಲೂ ಆ ಚಿತ್ರ ತಲೆಗಟ್ಟಿನಲ್ಲೇ ಇತ್ತು.

ವಾಪಸು ಕಳಿಸು ಎಂದು ಬರೆದಿದ್ದೀರಿ. ಕಳಿಸುವುದಿಲ್ಲ. ಡಾಕ್ಟರಿಗೆ ಬೇಕಾದರೆ ಸರಿಯಾದದ್ದು ಇನ್ನೊಂದು ಬರೆದುಕೊಡಿ, ಪಟ್ಟೆ ಎಲ್ಲಿ ಬರಬೇಕೆಂದು ಪಕ್ಕದಲ್ಲಿ ಕೂತು ನಾನೇ ತೋರಿಸುತ್ತೇನೆ. ಇದು ತೊಟ್ಟಿಲ ಮೇಲೆ ಇರುತ್ತದೆ. ಇದನ್ನು ತಿದ್ದಕೂಡದು.

ಇಪ್ಪತ್ತೇಳಕ್ಕೆ ನಾಮಕರಣ. ಬನ್ನಿ. ಬರುವ ಮೊದಲು ಒಂದೇ ಒಂದು ಹೇಳಿ. ಅವರೆಲ್ಲ ನಡುಗಡ್ಡೆಯಲ್ಲಿದ್ದಾಗ ಅಷ್ಟು ಹೊತ್ತು ದಂಡೆಯ ಮೇಲೆ ಏನು ಮಾಡುತ್ತಿದ್ದಿರಿ?

ನಿಮ್ಮ
ಅಹಲ್ಯಾ


ಮಾನವಿ
24 ಜನವರಿ 1945

ಅಹಲ್ಯಾ,

ಹರಿಗೋಲು ಹೊರಡುವಾಗ ಬುರ್ಹಾನುದ್ದೀನರು ಕೈ ಚಾಚಿ, "ಬರ್ರಿ ಮಾಸ್ತರ್, ನಾ ಯಾರ ಮುಂದೂ ಹೇಳಂಗಿಲ್ಲ" ಎಂದರು. ಒಂದು ಕಾಲು ಒಳಗಿಟ್ಟೆ. ತೆಗೆದುಬಿಟ್ಟೆ. ಅವರು ಮತ್ತೆ ಕರೆಯಲಿಲ್ಲ.

ಅವರು ಹೋದ ಮೇಲೆ ಒಂದು ಬಂಡೆಯ ಮೇಲೆ ಹೊಳೆಗೆ ಬೆನ್ನು ಮಾಡಿ ಕುಳಿತೆ. ಹಿಂದಿನಿಂದ ಬಾತುಗಳ ಕೂಗು ಕೇಳುತ್ತಿತ್ತು. ತಿರುಗಿ ನೋಡಿದರೆ ಕನಕಪ್ಪನನ್ನು ಕೂಗಿ ಕರೆದುಬಿಡುತ್ತೇನೆ ಎಂದು ಗೊತ್ತಿತ್ತು. ಇದನ್ನೆಲ್ಲ ನಾನು ನಂಬುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಅವರು ದಂಡೆಗೆ ಬರುವವರೆಗೂ ಹಾಗೇ ಕುಳಿತಿದ್ದೆ.

ಇಪ್ಪತ್ತಾರಕ್ಕೆ ಹೊರಡುತ್ತೇನೆ. ಇನ್ನು ಗಡ್ಡ ತೆಗೆಸಬಹುದು ಎಂದು ಎಲ್ಲರೂ ಹೇಳುತ್ತಿದ್ದಾರೆ. ತೆಗೆಸಿಲ್ಲ. ಇದು ಬೆಳೆದದ್ದು ಮಗಳಿಗಾಗಿ, ಒಮ್ಮೆ ಅವಳು ನೋಡಲಿ.

ವಾದಿರಾಜ